ಸಾಸಿವೆ ರವಿಕೆಗೆ ಗುಲಾಬಿ ನೂಲು

ಲಂಡನ್ನಿನ ಕ್ವೀನ್ಸ್‌ಬರಿ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ, ತರಕಾರಿ ಅಂಗಡಿಯೊಂದರ ಮೇಲಿನ ಫ್ಲಾಟಿನಲ್ಲಿ ವತ್ಸಲಕ್ಕನ ಹೊಲಿಗೆ ಯಂತ್ರವಿದೆ. ಬೋರ್ಡು ಇಲ್ಲ. ಬೋರ್ಡು ಹಾಕಿದರೆ ಕೌನ್ಸಿಲ್‌ನವರು ಬರುತ್ತಾರೆಂದು ಅವರ ಗಂಡ ವಾಸಣ್ಣನಿಗೆ ಭಯ. ಇನ್ನಷ್ಟು ಗಿರಾಕಿಗಳು ಬರುತ್ತಾರೆಂದು ವತ್ಸಲಕ್ಕನಿಗೆ ಭಯ. ಬೋರ್ಡಿಲ್ಲದೆಯೂ ಜನ ಬರುತ್ತಾರೆ. ಸ್ಟ್ಯಾನ್ಮೋರಿನಿಂದ ಕಾರಿನಲ್ಲಿ ಬರುವವರು, ಕೊಲಿಂಡೇಲಿನಿಂದ ಬಸ್ಸಿನಲ್ಲಿ ಬರುವವರು, ಆ ಮೆಟ್ಟಿಲು ಹತ್ತುವಾಗ ಎಲ್ಲರೂ ಒಂದೇ ಪಂಗಡ: ಹೋದ ವರ್ಷದ ರವಿಕೆ ಈ ವರ್ಷ ಬಿಗಿಯಾದವರು.

ಇಬ್ಬರೂ ಉಡುಪಿ ಕಡೆಯವರು. ವಾಸಣ್ಣ ವೆಂಬ್ಲಿಯ ಒಂದು ಹೋಟೆಲಿನಲ್ಲಿ ಬೆಳಗ್ಗಿನ ಪಾಳಿಯ ಅಡುಗೆಯವರು. ವತ್ಸಲಕ್ಕ ಇಪ್ಪತ್ತಾರು ವರ್ಷಗಳಿಂದ ಲಂಡನ್ನಿನ ಕನ್ನಡತಿಯರ ತೋಳು, ಕುತ್ತಿಗೆ, ಬೆನ್ನುಗಳ ಅಳತೆಯನ್ನು ತಲೆಯಲ್ಲಿ ಇಟ್ಟುಕೊಂಡವರು, ಮತ್ತು ಯಾರದನ್ನೂ ಯಾರಿಗೂ ಹೇಳದವರು. ನಮ್ಮ ಸಮುದಾಯದಲ್ಲಿ ಗುಟ್ಟು ಉಳಿದಿರುವ ಜಾಗ ಅದೊಂದೇ.

ಅವರ ಹೆಮ್ಮೆ ಕತ್ತರಿಯ ಬಗ್ಗೆ ಅಲ್ಲ, ನೂಲಿನ ಬಗ್ಗೆ. ಬಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು, ಅದರ ಮೇಲೆ ನೂಲಿನ ಒಂದು ಎಳೆ ಇಟ್ಟು, ತಲೆ ಓರೆ ಮಾಡಿ ನೋಡುತ್ತಿದ್ದರು. ಎಳೆ ಕಾಣದೆ ಹೋದರೆ ಅದೇ ನೂಲು. "ನೂಲು ಕಂಡ್ರೆ ಅದು ಹೊಲಿಗೆ ಅಲ್ಲ, ಗಾಯ" ಎನ್ನುತ್ತಿದ್ದರು. ಇನ್ನೂರಕ್ಕೂ ಹೆಚ್ಚು ರೀಲುಗಳು ಒಂದು ದೊಡ್ಡ ತಗಡಿನ ಬಿಸ್ಕತ್ ಡಬ್ಬಿಯಲ್ಲಿ ಸಾಲಾಗಿ ನಿಂತಿದ್ದವು: ಅರಿಸಿನದಿಂದ ಕೇಸರಿ, ಕೇಸರಿಯಿಂದ ಕುಂಕುಮ, ಕುಂಕುಮದಿಂದ ದಾಸವಾಳ, ಹೀಗೆ. ಯಾವ ಬಣ್ಣ ಎಷ್ಟನೆಯ ಸಾಲಿನಲ್ಲಿದೆ ಎಂದು ಅವರ ಬೆರಳಿಗೆ ಗೊತ್ತಿತ್ತು.

ಕಿಡ್ನಿಗಳು ಕೈಕೊಟ್ಟಾಗ ವತ್ಸಲಕ್ಕನಿಗೆ ನಲವತ್ತೊಂಬತ್ತು. ಮೂರು ವರ್ಷ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಉಳಿದ ನಾಲ್ಕು ದಿನಗಳಲ್ಲಿ ಒಂದು ದಿನ ಮಲಗುತ್ತಿದ್ದರು, ಮೂರು ದಿನ ಹೊಲಿಯುತ್ತಿದ್ದರು. ವಾಸಣ್ಣನಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಅವರ ಕಿಡ್ನಿ ಬೇಡವೆಂದರು ಡಾಕ್ಟರು. ಕೊನೆಗೆ ರಕ್ತದ ಗುಂಪು ಹೊಂದಿದ್ದು ವಾಸಣ್ಣನ ಅಕ್ಕ, ಸ್ಟ್ಯಾನ್ಮೋರಿನ ಸುಜಾತಕ್ಕನದು. ಸುದ್ದಿ ಕೇಳಿ ನಾವೆಲ್ಲ ಬೆಚ್ಚಿದೆವು. ಆಕೆ ಒಂದು ಲೋಟ ಸಕ್ಕರೆ ಸಾಲ ಕೊಟ್ಟರೂ ಜತೆಗೆ ಒಂದು ಮಾತು ಸೇರಿಸಿಯೇ ಕೊಡುವವರು. ನಮ್ಮ ಕನ್ನಡ ಸಂಘದ ಊಟದಲ್ಲಿ ಸಾರು ನೀರಾಗಿದೆ ಎಂದು ಮೈಕಿನಲ್ಲಿ ಹೇಳಿ, ಆಮೇಲೆ ಸಂಘಕ್ಕೇ ಬರುವುದನ್ನು ಬಿಟ್ಟವರು.

ಈ ದೇಶದಲ್ಲಿ ಬದುಕಿರುವವರು ಕಿಡ್ನಿ ಕೊಡಬೇಕಾದರೆ, ಒತ್ತಾಯವೇನಾದರೂ ಇದೆಯೇ ಎಂದು ಹೊರಗಿನವರೊಬ್ಬರು ಕೂತು ವಿಚಾರಿಸುತ್ತಾರೆ. ಆ ಮೃದುಸ್ವಭಾವದ ಹೆಂಗಸು, "ನಿಮ್ಮನ್ನು ಯಾರಾದರೂ ಒತ್ತಾಯಿಸುತ್ತಿದ್ದಾರೆಯೇ?" ಎಂದು ಕೇಳಿದರಂತೆ. "ನನ್ನನ್ನು ಒತ್ತಾಯ ಮಾಡುವವರು ಇನ್ನೂ ಹುಟ್ಲಿಲ್ಲ. ನನ್ನ ಗಂಡನನ್ನು ಕೇಳಿ ಬೇಕಾದ್ರೆ" ಎಂದರಂತೆ ಸುಜಾತಕ್ಕ. ಹೊರಗೆ ಕೂತಿದ್ದ ಅವರ ಗಂಡ ಕರುಣಾಕರ, ಯಾರೂ ಕೇಳದೆಯೇ ತಲೆಯಾಡಿಸಿದರೆಂದು ವಾಸಣ್ಣನ ಸಾಕ್ಷ್ಯ.

ಕಸಿ ಚೆನ್ನಾಗಿ ಆಯಿತು. ಅಂದಿನಿಂದ ಪ್ರತಿ ಭಾನುವಾರ ಹನ್ನೊಂದಕ್ಕೆ ಸ್ಟ್ಯಾನ್ಮೋರಿನಿಂದ ಫೋನು. ನಮಸ್ಕಾರ ಇಲ್ಲ, ಊಟ ತಿಂಡಿ ಇಲ್ಲ. "ವತ್ಸಲಾ, ನನ್ನ ಕಿಡ್ನಿ ಹೇಗುಂಟು?"

"ಚೆನ್ನಾಗುಂಟು ಅತ್ತಿಗೆ."

"ನೀರು ಕುಡಿ."

ಅಷ್ಟೇ.

ಬೇರೆಯವರ ಅಂಗವನ್ನು ದೇಹ ತಳ್ಳಿಹಾಕದಿರಲು ಬದುಕಿಡೀ ಮಾತ್ರೆ ಬೇಕು. ವತ್ಸಲಕ್ಕ ಬೆಳಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಟ್ಯಾಕ್ರೊಲಿಮಸ್ ನುಂಗುತ್ತಿದ್ದರು. ಪೆಟ್ಟಿಗೆಯೊಳಗೆ ಮಡಚಿಟ್ಟ ಚೀಟಿ ಬಿಚ್ಚಿದರೆ ಪಂಚಾಂಗದಷ್ಟು ಉದ್ದ. ಆಗಬಹುದಾದ ಅನರ್ಥಗಳೆಲ್ಲ ಅದರಲ್ಲಿ ಇರುವೆಸಾಲಿನಂತೆ ಅಚ್ಚಾಗಿರುತ್ತವೆ. ಯಾರು ಓದುತ್ತಾರೆ? ತೆಳ್ಳಗಿನ ಒಳ್ಳೆಯ ಕಾಗದವೆಂದು ವತ್ಸಲಕ್ಕ ಅದರಲ್ಲಿ ಮುರಿದ ಸೂಜಿಗಳನ್ನು ಸುತ್ತಿಡುತ್ತಿದ್ದರು.

ಕಸಿಯಾಗಿ ಒಂದು ವರ್ಷ ದಾಟಿತ್ತು. ದೀಪಾವಳಿಗೆ ಮುಂಚೆ ವಾಸಣ್ಣನಿಗೆ ಮನೆ ಗುಡಿಸುವ ಉತ್ಸಾಹ ಬಂತು, ಮದುವೆಯಾದ ಮೇಲೆ ಮೊದಲ ಸಲ. ಡಬ್ಬಿ ಕೈಜಾರಿ ಬಿತ್ತು. ಇನ್ನೂರು ರೀಲುಗಳು ಸೋಫಾದಡಿ, ಹೀಟರಿನಡಿ, ಬಾಗಿಲಾಚೆಗೆ ಉರುಳಿದವು. ವಾಸಣ್ಣ ಎಲ್ಲವನ್ನೂ ಆಯ್ದು ಬಹಳ ಶ್ರದ್ಧೆಯಿಂದ ಜೋಡಿಸಿಟ್ಟರು. ಬಣ್ಣದ ಪ್ರಕಾರ ಅಲ್ಲ, ಗಾತ್ರದ ಪ್ರಕಾರ. ಹೋಟೆಲಿನವರಲ್ಲವೇ, ಲೋಟ ಜೋಡಿಸಿದ ಹಾಗೆ. ವತ್ಸಲಕ್ಕ ಸಮಾಧಾನವಾಗಿ, "ಇರ್ಲಿ, ನಾನು ಸರಿ ಮಾಡ್ಕೊಳ್ತೇನೆ" ಎಂದರು.

ಮಾಡಿಕೊಳ್ಳಲಿಲ್ಲ. ಅವರಿಗೆ ಆಗಲಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಆ ನವೆಂಬರಿನಲ್ಲಿ ನನ್ನ ಹೆಂಡತಿ ಜಾಹ್ನವಿ ವತ್ಸಲಕ್ಕ ಹೊಲಿದ ಹೊಸ ರವಿಕೆ ತಂದಳು. ಸಾಸಿವೆ ಬಣ್ಣ. ಕುತ್ತಿಗೆಯ ಸುತ್ತ, ತೋಳಿನ ಅಂಚಿಗೆ ಗುಲಾಬಿ ನೂಲು ಓಡಿತ್ತು, ಸಾಸಿವೆ ಹೊಲದಲ್ಲಿ ಯಾರೋ ಬಬಲ್‌ಗಮ್ ಎಳೆದಂತೆ. ಹೊಲಿಗೆ ಮಾತ್ರ ಎಂದಿನಂತೆ ನೇರ.

"ಇದೇನೇ, ಹೊಸ ಡಿಸೈನಾ?" ಎಂದೆ.

"ಸುಮ್ನಿರ್ರೀ. ಪಾಪ, ಅಷ್ಟು ದೊಡ್ಡ ಆಪರೇಷನ್ ಆಗಿದೆ. ಹೇಳಿದ್ರೆ ನೊಂದ್ಕೋತಾರೆ."

ಆಕೆ ಅದನ್ನು ಕೆಂಟನ್ನಿನ ಗುಜರಾತಿ ದರ್ಜಿಯ ಬಳಿ ಬಿಚ್ಚಿಸಿ ಹೊಲಿಸಬೇಕೆಂದಿದ್ದಳು. ಅಲ್ಲಿ ಹೋದರೆ ನಮ್ಮವರದೇ ಸಾಲು. ಒಬ್ಬರ ಕೈಯಲ್ಲಿ ನೇರಳೆಗೆ ಕಂದು, ಇನ್ನೊಬ್ಬರ ಕೈಯಲ್ಲಿ ಕೆಂಪಿಗೆ ಹಸಿರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ವಿಷಯ ಅರ್ಥವಾಯಿತು. ಬೇರೆ ಯಾವ ಜನರಾದರೂ ಆಗ ಒಂದು ಮಾತು ಹೇಳಿಬಿಡುತ್ತಿದ್ದರೇನೋ. ನಾವು ಒಳ್ಳೆಯವರು. ಒಂದು ವಾಟ್ಸ್ಯಾಪ್ ಗುಂಪು ಮಾಡಿದೆವು. ಹೆಸರು, "ವತ್ಸಲಕ್ಕಂಗೆ ಹೇಳ್ಬೇಡಿ." ಹದಿನೇಳು ಜನ. ಯಾರೂ ಬಾಯಿತಪ್ಪಿ ಆಡಬಾರದು, ರವಿಕೆ ಕೈಗೆ ಬಂದಾಗ ಎರಡು ಸಲ ಹೊಗಳಬೇಕು, ಗುಜರಾತಿಯ ಬಳಿ ಎಲ್ಲರೂ ಒಂದೇ ದಿನ ಹೋಗಬಾರದು ಎಂದು ಅದರಲ್ಲಿ ಶಿಸ್ತು. ನಾವು ನಡೆಸಿದ ಯಾವ ಕಾರ್ಯಕ್ರಮವೂ ಅಷ್ಟು ಅಚ್ಚುಕಟ್ಟಾಗಿ ನಡೆದದ್ದಿಲ್ಲ.

ರಾಜ್ಯೋತ್ಸವಕ್ಕೆ ವೇದಿಕೆಯ ಹಿಂದೆ ಕಟ್ಟುವ ದೊಡ್ಡ ಬಾವುಟವನ್ನು ಪ್ರತಿ ವರ್ಷವೂ ಬಟ್ಟೆ ಕೊಂಡು ಹೊಲಿಯುವವರು ವತ್ಸಲಕ್ಕನೇ. ಆ ವರ್ಷ ಮೇಲೆ ಹಳದಿ ಸರಿಯಾಗಿತ್ತು. ಕೆಳಗೆ ಕೆಂಪಿನ ಜಾಗದಲ್ಲಿ ಕಂದು. ಅಧ್ಯಕ್ಷ ಉಮಾಶಂಕರ ಒಂದು ಗಳಿಗೆ ದಿಟ್ಟಿಸಿದರು. ಐಟಿ ಕಂಪನಿಯಲ್ಲಿ ಮೂವತ್ತು ವರ್ಷ ಮೀಟಿಂಗ್ ನಡೆಸಿದ ಮನುಷ್ಯ, ಯಾವ ತಪ್ಪಿಗೂ ಕಾರಣ ಒದಗಿಸಬಲ್ಲರು. "ಈ ಬಾರಿ ನಮ್ಮ ಬಾವುಟದಲ್ಲಿ ತಾಯ್ನಾಡಿನ ಮಣ್ಣಿನ ಬಣ್ಣವನ್ನು ಉದ್ದೇಶಪೂರ್ವಕವಾಗಿ ತರಲಾಗಿದೆ" ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮೂರನೆಯ ಸಾಲಿನಲ್ಲಿ ಕೂತಿದ್ದ ವತ್ಸಲಕ್ಕ ಬಾವುಟವನ್ನೇ ನೋಡುತ್ತಿದ್ದರು. ಮಣ್ಣು ಯಾಕೆ ಬಂತೆಂದು ಅವರಿಗೆ ತಿಳಿಯಲಿಲ್ಲವಂತೆ. ಅಧ್ಯಕ್ಷರ ಭಾಷಣ ಎಂದಿನಂತೆ ಇರುತ್ತದೆ ಎಂದುಕೊಂಡರಂತೆ.

ಫೆಬ್ರವರಿಯ ಒಂದು ಮಧ್ಯಾಹ್ನ ಸುಜಾತಕ್ಕ ರವಿಕೆ ಒಯ್ಯಲು ಬಂದರು. ಮಗ ಸುಮಿತ್‌ನ ನಿಶ್ಚಿತಾರ್ಥಕ್ಕೆ ಗಿಳಿಹಸಿರು ರೇಷ್ಮೆ. ಸಂಘ ಬಿಟ್ಟವರಾದ್ದರಿಂದ ಅವರನ್ನು ನಮ್ಮ ಗುಂಪಿಗೆ ಸೇರಿಸಿರಲಿಲ್ಲ. ಮುಂದಿನದನ್ನು ವಾಸಣ್ಣ ನನಗೆ ಹೇಳಿದ್ದು. ಅವರು ಒಳಗೆ ಚಾ ಸೋಸುತ್ತಿದ್ದರು.

"ವತ್ಸಲಾ, ಇದು ಎಂತದು?"

"ಎಂತ ಅತ್ತಿಗೆ?"

"ಗಿಳಿಹಸಿರಿಗೆ ಕೆಂಪು ನೂಲು! ಕುತ್ತಿಗೆ ಸುತ್ತ ನೋಡು, ಕೋಳಿ ಕೊಯ್ದ ಹಾಗೆ ಉಂಟು. ಇದನ್ನು ಹಾಕ್ಕೊಂಡು ಬೀಗರ ಎದುರು ನಿಲ್ಬೇಕಾ ನಾನು?"

"ಅಕ್ಕ, ಬಿಡು, ಈಗ ಅದು ಫ್ಯಾಷನ್" ಎಂದರು ವಾಸಣ್ಣ ಒಳಗಿನಿಂದ.

"ನೀನು ಚಾ ಸೋಸು. ಫ್ಯಾಷನ್ ಅಂತೆ."

ವತ್ಸಲಕ್ಕ ರವಿಕೆ ಇಸಿದುಕೊಂಡು ಕಿಟಕಿಗೆ ಹೋದರು. ತಲೆ ಓರೆ ಮಾಡಿದರು. ಬಹಳ ಹೊತ್ತು ಅಲ್ಲೇ ನಿಂತರು. "ನಂಗೆ ನೂಲು ಕಾಣುದಿಲ್ಲ ಅತ್ತಿಗೆ. ಸರಿ ಉಂಟಲ್ಲ?"

ಸುಜಾತಕ್ಕ ಡಬ್ಬಿಯಿಂದ ಒಂದು ರೀಲು ತೆಗೆದರು. "ಇದು ಎಂತ ಬಣ್ಣ?"

"ಹಸಿರು."

"ಇದು?"

"ಅದೂ... ಹಸಿರೇ. ಸ್ವಲ್ಪ ಕಪ್ಪು ಮಿಶ್ರ."

"ಇದು?"

ವತ್ಸಲಕ್ಕ ರೀಲನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು.

"ಇದು ಕುಂಕುಮ ಮಾರಾಯ್ತಿ. ದಿನಾ ಹಣೆಗೆ ಇಡುವ ಬಣ್ಣ." ಸುಜಾತಕ್ಕನ ಸ್ವರ ಇಳಿದಿತ್ತು. "ಎಷ್ಟು ಸಮಯ ಆಯ್ತು?"

"ದೀಪಾವಳಿಯ ಹೊತ್ತಿಗೆ ಎಲ್ಲ ಮಾಸಿದ ಹಾಗೆ ಆಯ್ತು. ಚಳಿಗಾಲದ ಬೆಳಕು ಅಂತ ಮಾಡಿದೆ. ಕನ್ನಡಕದವ ಅಕ್ಷರ ಓದಿಸಿ, ಪೊರೆ ಶುರುವಾಗಿದೆ, ಈಗ್ಲೇ ಎಂತ ಬೇಡ ಅಂದ."

"ಕಿಡ್ನಿ ಡಾಕ್ಟ್ರಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಎಂತ ಹೇಳಿದ್ರೂ ಅವರು ಮಾತ್ರೆ ಬದಲು ಮಾಡ್ತಾರೆ. ಆಗ ಕಿಡ್ನಿಗೆ ಎಂತಾದ್ರೂ ಆದ್ರೆ? ಅದು ನಿಮ್ಮದಲ್ವಾ ಅತ್ತಿಗೆ."

ಸುಜಾತಕ್ಕ ಚಾ ಕುಡಿದರು. ಸಕ್ಕರೆ ಹೆಚ್ಚಾಯಿತೆಂದಾಗಲಿ ಕಡಿಮೆಯಾಯಿತೆಂದಾಗಲಿ ಹೇಳಲಿಲ್ಲ. ವಾಸಣ್ಣನಿಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗಲೇ. ಆಮೇಲೆ ಸುಜಾತಕ್ಕ ಫೋನ್ ತೆಗೆದು ಆಸ್ಪತ್ರೆಯ ನರ್ಸಿಗೆ ಹಚ್ಚಿ, ಅಗತ್ಯಕ್ಕಿಂತ ಗಟ್ಟಿಯಾದ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು.

ಆಸ್ಪತ್ರೆಯಲ್ಲಿ ಚುಕ್ಕಿಗಳ ಪುಸ್ತಕ ತೋರಿಸಿದರು. ಬಣ್ಣದ ಚುಕ್ಕಿಗಳ ನಡುವೆ ಅಂಕಿಗಳು ಅಡಗಿರುತ್ತವೆ, ಓದಬೇಕು. ವತ್ಸಲಕ್ಕ ಮೊದಲ ಪುಟದ್ದು ಓದಿದರು. ಮುಂದಿನ ಪುಟಗಳಲ್ಲಿ ಅವರಿಗೆ ಚುಕ್ಕಿಗಳಷ್ಟೇ ಕಂಡವು. ಒಂದು ಕಾಲದಲ್ಲಿ ಕುಂಕುಮಕ್ಕೂ ದಾಸವಾಳಕ್ಕೂ ಕಿಟಕಿಯಲ್ಲಿ ನಿಂತು ವ್ಯತ್ಯಾಸ ಹೇಳುತ್ತಿದ್ದವರು. ತಲೆಯ ಸ್ಕ್ಯಾನ್, ರಕ್ತ, ಬೆನ್ನಿನ ನೀರು, ಹೀಗೆ ಮೂರು ವಾರ ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತಾ ಬಂದರು. ಕೊನೆಗೆ ಡಾಕ್ಟರು ಹೇಳಿದ್ದಿಷ್ಟು: ಕಣ್ಣಿನ ನರ ಸೊರಗಿದೆ. ಬಹುಶಃ ಟ್ಯಾಕ್ರೊಲಿಮಸ್ಸಿನಿಂದ. ತೀರಾ ಅಪರೂಪ, ರಕ್ತದಲ್ಲಿ ಔಷಧಿಯ ಪ್ರಮಾಣ ಸರಿಯಾಗಿದ್ದರೂ ಹೀಗಾಗುವುದುಂಟು, ತನ್ನ ಇಷ್ಟು ವರ್ಷದ ಕೆಲಸದಲ್ಲಿ ಇದೇ ಮೊದಲು. ಆ ಮಾತ್ರೆ ನಿಲ್ಲಿಸಿ ಬೇರೆಯದಕ್ಕೆ ಬದಲಾಯಿಸಿದರೆ ಕಣ್ಣು ಉಳಿಯಬಹುದು, ಸ್ವಲ್ಪ ಮರಳಲೂಬಹುದು. ಬದಲಾಯಿಸುವಾಗ ದೇಹ ಕಿಡ್ನಿಯ ಮೇಲೆ ತಿರುಗಿಬೀಳುವ ಅಪಾಯವೂ ಇದೆ. ಬದಲಾಯಿಸದಿದ್ದರೆ ಕಣ್ಣು ಪೂರ್ತಿ ಹೋಗಬಹುದು. ತನ್ನ ಸಲಹೆ ಬದಲಾವಣೆಯ ಕಡೆಗೆ, ಆದರೆ ತೀರ್ಮಾನ ವತ್ಸಲಕ್ಕನದು.

"ಐದು ತಿಂಗಳು ಮುಂಚೆ ಬಂದಿದ್ದರೆ ಚೆನ್ನಾಗಿತ್ತು" ಎಂದೂ ಅಂದರಂತೆ. ಆಕ್ಷೇಪಣೆಯ ದನಿಯಲ್ಲಿ ಅಲ್ಲ.

ಸುದ್ದಿ ತಿಳಿದ ದಿನ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಒಬ್ಬೊಬ್ಬರೇ ಸದ್ದಿಲ್ಲದೆ ಹೊರಗೆ ಹೋದರು. ಸಂಜೆಗೆ ಜಾಹ್ನವಿ ಒಬ್ಬಳೇ ಉಳಿದಿದ್ದಳು. "ರೀ, ಕಾರ್ ತೆಗೀರಿ" ಎಂದಳು. ಮಡಿಲಲ್ಲಿ ಒಂದು ಕವರು. ಒಳಗೇನಿದೆ ಎಂದು ನಾನು ಕೇಳಲಿಲ್ಲ.

ನಾವು ಹೋದಾಗ ವತ್ಸಲಕ್ಕ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಸುಜಾತಕ್ಕ ಸೋಫಾದಲ್ಲಿ. ವಾಸಣ್ಣ ಬಾಗಿಲಿಗೆ ಒರಗಿ ನಿಂತಿದ್ದರು. ನಮ್ಮನ್ನು ನೋಡಿ ಯಾರೂ ಮಾತು ನಿಲ್ಲಿಸಲಿಲ್ಲ. ಅಷ್ಟರಮಟ್ಟಿಗೆ ವಾದ ಬಿಸಿಯಾಗಿತ್ತು.

"ಬೇಡ ಅತ್ತಿಗೆ. ಇದ್ದ ಮಾತ್ರೆಯೇ ಇರ್ಲಿ" ಎನ್ನುತ್ತಿದ್ದರು ವತ್ಸಲಕ್ಕ. "ಆ ಡಯಾಲಿಸಿಸ್ ಯಂತ್ರದ ಪಕ್ಕ ಮೂರು ವರ್ಷ ಮಲಗಿದವಳು ನಾನು. ಕಣ್ಣು ಮಸುಕಾದ್ರೂ ಬದುಕ್ಲಿಕ್ಕೆ ಆಗ್ತದೆ. ನೀವು ಹೊಟ್ಟೆ ಕೊಯ್ಸಿಕೊಂಡು ಕೊಟ್ಟದ್ದನ್ನು ನಾನು ಹಾಳು ಮಾಡಿದೆ ಅಂತ ಆಗ್ಬಾರದು."

"ಒಳ್ಳೇ ರೇಷ್ಮೆ ಸೀರೆ ಕೊಟ್ರೆ ಎಂತ ಮಾಡ್ತಿ ನೀನು? ಉಡ್ತಿಯೋ, ಪೆಟ್ಟಿಗೆಯಲ್ಲಿ ಇಟ್ಟು ಪೂಜೆ ಮಾಡ್ತಿಯೋ?"

"ಇದು ಸೀರೆ ಅಲ್ಲ ಅತ್ತಿಗೆ."

"ನಾನು ಕೊಟ್ಟದ್ದು ನೀನು ಬದುಕ್ಲಿ ಅಂತ. ಅದನ್ನು ಕಾಯ್ಲಿಕ್ಕೆ ನಿನ್ನನ್ನು ವಾಚ್‌ಮನ್ ಕೆಲಸಕ್ಕೆ ಇಟ್ಟದ್ದಲ್ಲ."

ವತ್ಸಲಕ್ಕ ತಲೆ ತಗ್ಗಿಸಿದರು. "ಹೋದ್ರೆ?"

"ಹೋದ್ರೆ ಬೈತೇನೆ. ಒಂದು ವರ್ಷ ಬೈತೇನೆ. ನಿಂಗೆ ಅಭ್ಯಾಸ ಉಂಟಲ್ಲ."

ವಾಸಣ್ಣ ನಕ್ಕರೋ ಬಿಕ್ಕಿದರೋ ತಿಳಿಯಲಿಲ್ಲ, ಒಳಗೆ ಹೋಗಿಬಿಟ್ಟರು. ಆಗ ಜಾಹ್ನವಿ ಕವರಿನಿಂದ ಸಾಸಿವೆ ರವಿಕೆ ತೆಗೆದು ಯಂತ್ರದ ಮೇಲೆ ಇಟ್ಟಳು. ಅವತ್ತು ಗುಜರಾತಿಯ ಬಳಿಯ ಸಾಲು ನೋಡಿ ಬಿಚ್ಚಿಸದೆ ವಾಪಸು ತಂದಿದ್ದಳು, ನನಗದು ಗೊತ್ತಿರಲಿಲ್ಲ.

"ವತ್ಸಲಕ್ಕ, ಇದು ನೀವು ನವೆಂಬರಲ್ಲಿ ಹೊಲ್ದಿದ್ದು. ಸಾಸಿವೆ ಬಟ್ಟೆ, ಗುಲಾಬಿ ದಾರ. ನಾನು ಆವತ್ತು ಚೆನ್ನಾಗಿದೆ ಅಂದೆ. ಸುಳ್ಳು ಹೇಳ್ದೆ."

ವತ್ಸಲಕ್ಕ ರವಿಕೆಯ ಅಂಚಿನ ಮೇಲೆ ಬೆರಳು ಓಡಿಸಿದರು. "ಇದೊಂದೇಯಾ?"

"ಇಲ್ಲ."

"ಎಷ್ಟು ಜನಕ್ಕೆ ಗೊತ್ತಿತ್ತು?"

ಜಾಹ್ನವಿ ನನ್ನ ಕಡೆ ನೋಡಿದಳು. ನಾನು ಹೀಟರಿನ ಕಡೆ ನೋಡಿದೆ. "ಹದಿನೇಳು" ಎಂದಳು.

"ಬಣ್ಣ ಮಾಸಿದೆ ಅಂತ ನಂಗೆ ಗೊತ್ತಿತ್ತು" ಎಂದರು ವತ್ಸಲಕ್ಕ ನಿಧಾನವಾಗಿ. "ಆದ್ರೆ ಯಾರೂ ಒಂದು ಮಾತು ಹೇಳ್ಲಿಲ್ಲ. ಮೊದಲಿಗಿಂತ ಹೆಚ್ಚು ಹೊಗಳಿದ್ರಿ. ಹಾಗಾದ್ರೆ ನನ್ನ ಕೈ ಇನ್ನೂ ಸರಿ ಉಂಟು, ಕಣ್ಣಿಗೆ ಅಷ್ಟೇನೂ ಆಗ್ಲಿಲ್ಲ ಅಂತ ತಿಳ್ಕೊಂಡೆ. ನನ್ನ ಕಣ್ಣಿನ ವಿಷಯ ಹದಿನೇಳು ಜನಕ್ಕೆ ಗೊತ್ತಿತ್ತು. ನಂಗೊಬ್ಬಳಿಗೆ ಗೊತ್ತಿರ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯುವವರಲ್ಲ. ಆ ಕೋಣೆಯಲ್ಲಿ ಬೈಯಬಲ್ಲವರು ಒಬ್ಬರೇ ಇದ್ದರು, ಆ ದಿನ ಅವರೂ ನಮ್ಮನ್ನು ಬೈಯಲಿಲ್ಲ. ನಮ್ಮ ಒಳ್ಳೆಯತನವೆಲ್ಲ ಸೇರಿ ಮೂರು ತಿಂಗಳು ಮುಚ್ಚಿಟ್ಟದ್ದನ್ನು, ಆಕೆಯ ಕೆಟ್ಟ ಬಾಯಿ ಒಂದು ಚಾ ಸೋಸುವಷ್ಟರಲ್ಲಿ ಹೊರಗೆಳೆದಿತ್ತು.

ವತ್ಸಲಕ್ಕ ರವಿಕೆಯನ್ನು ಮಡಚಿ ಬದಿಗಿಟ್ಟು, "ಅತ್ತಿಗೆ, ಡಾಕ್ಟ್ರಿಗೆ ನೀವೇ ಫೋನ್ ಮಾಡ್ತೀರಾ?" ಎಂದರು.

"ನೀನೇ ಮಾಡು. ನಿನ್ನ ಕಿಡ್ನಿ" ಎಂದರು ಸುಜಾತಕ್ಕ.

ವತ್ಸಲಕ್ಕ ಫೋನ್ ಎತ್ತಿಕೊಂಡರು.

ಏಪ್ರಿಲ್‌ನಲ್ಲಿ ಮಾತ್ರೆ ಬದಲಾಯಿತು. ಮೂರನೆಯ ವಾರಕ್ಕೆ ಕ್ರಿಯೇಟಿನಿನ್ ಏರಿತು. ಕಿಡ್ನಿ ಸೋಲುತ್ತಿರುವುದರ ಲಕ್ಷಣ ಅದು. ಸೂಜಿ ಚುಚ್ಚಿ ಕಿಡ್ನಿಯ ಚೂರು ತೆಗೆದು ನೋಡಿದರು. ದೇಹ ತಿರುಗಿಬೀಳಲು ಶುರುಮಾಡಿತ್ತು. ಆರು ದಿನ ಆಸ್ಪತ್ರೆ, ರಕ್ತನಾಳಕ್ಕೆ ಸ್ಟಿರಾಯ್ಡ್. ಆ ಆರು ದಿನವೂ ಸುಜಾತಕ್ಕ ಹಾಸಿಗೆಯ ಪಕ್ಕದಲ್ಲಿ ಕೂತು, ಊಟ ತರುವವರಿಗೆ ಉಪ್ಪಿನ ಬಗ್ಗೆ ತಿಳಿವಳಿಕೆ ಹೇಳಿದರು. ಏಳನೆಯ ದಿನ ಅಂಕಿ ಇಳಿಯಿತು. ಹಳೆಯ ಮಟ್ಟಕ್ಕೆ ಅಲ್ಲ. ಸ್ವಲ್ಪ ಮೇಲೆ ನಿಂತಿದೆ, ನಿಂತೇ ಇದೆ. ಎಷ್ಟು ವರ್ಷ ಎಂದು ಯಾರೂ ಹೇಳುವುದಿಲ್ಲ.

ಎಡಗಣ್ಣಿಗೆ ಬಣ್ಣ ಅರ್ಧ ಮರಳಿದೆ. ಕುಂಕುಮ ಈಗ ಇಟ್ಟಿಗೆಯ ಹಾಗೆ ಕಾಣುತ್ತದಂತೆ, ಮೊದಲು ಕೆಸರಿನ ಹಾಗಿತ್ತಂತೆ. ಬಲಗಣ್ಣು ಹಾಗೆಯೇ ಇದೆ.

ಭಾನುವಾರದ ಫೋನು ನಿಂತಿಲ್ಲ. "ನಿನ್ನ ಕಿಡ್ನಿ" ಎಂಬ ಮಾತು ಆ ಒಂದು ದಿನಕ್ಕೇ ಮುಗಿಯಿತು, ಮುಂದಿನ ವಾರದಿಂದ ಮತ್ತೆ "ನನ್ನ ಕಿಡ್ನಿ ಹೇಗುಂಟು?" ಶನಿವಾರಗಳಂದು ಸುಜಾತಕ್ಕ ತಾವೇ ಬಂದು ಕೂತು, ಇನ್ನೂರು ರೀಲುಗಳನ್ನೂ ಹಳೆಯ ಸಾಲಿಗೆ ಜೋಡಿಸಿ, ತಳಕ್ಕೆ ಚೀಟಿ ಅಂಟಿಸಿ ದೊಡ್ಡ ಕಪ್ಪು ಅಕ್ಷರದಲ್ಲಿ ಹೆಸರು ಬರೆದಿದ್ದಾರೆ. ಬಾವುಟವನ್ನು ಸರಿಪಡಿಸಿ ಕೊಡುತ್ತೇನೆಂದು ವತ್ಸಲಕ್ಕ ಸಂಘಕ್ಕೆ ಹೇಳಿಕಳಿಸಿದರು. ಉಮಾಶಂಕರರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಮಣ್ಣಿನ ಬಣ್ಣದ ಬಗ್ಗೆ ಅಷ್ಟರಲ್ಲಿ ಒಂದು ಲೇಖನವನ್ನೂ ಬರೆದಾಗಿತ್ತು.

ಹೋದ ವಾರ ಜಾಹ್ನವಿಯ ಜತೆ ನಾನೂ ಆ ಮೆಟ್ಟಿಲು ಹತ್ತಿದೆ. ವತ್ಸಲಕ್ಕ ಸಾಸಿವೆ ರವಿಕೆಯ ಗುಲಾಬಿ ನೂಲನ್ನು ಒಂದೊಂದೇ ಹೊಲಿಗೆ ಬಿಡಿಸಿ ತೆಗೆದಿದ್ದರು. ಡಬ್ಬಿಯಲ್ಲಿ ಹುಡುಕಿ ಒಂದು ರೀಲು ತೆಗೆದು, ಬಟ್ಟೆಯ ಮೇಲೆ ಎಳೆ ಇಟ್ಟು ಜಾಹ್ನವಿಯ ಮುಂದೆ ಹಿಡಿದರು.

"ಇದು ಆಗ್ತದಾ ನೋಡಿ."

"ಆಗತ್ತೆ ವತ್ಸಲಕ್ಕ, ಚೆನ್ನಾಗಿದೆ" ಎಂದಳು ಜಾಹ್ನವಿ, ಬಾಯಿಗೆ ಬಂದ ಹಾಗೆ.

ವತ್ಸಲಕ್ಕ ಕೈ ಹಿಂತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು ಕಾದರು.

ಜಾಹ್ನವಿ ರವಿಕೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ತಲೆ ಓರೆ ಮಾಡಿದಳು. "ಇಲ್ಲ" ಎಂದಳು. "ಒಂದು ಚೂರು ಹಸಿರು ಹೊಡೀತಿದೆ."

"ಹಾಂ" ಎಂದು ವತ್ಸಲಕ್ಕ ಆ ರೀಲನ್ನು ಅದರ ಜಾಗದಲ್ಲಿಟ್ಟು, ಪಕ್ಕದ್ದನ್ನು ತೆಗೆದರು.